ಕವಡೆ ಕಾಸಿನ ಕಿಮ್ಮತ್ತು

ಒಂಬತ್ತನೇ ಬಿ, ಮಧ್ಯಾಹ್ನದ ಮೊದಲ ಪೀರಿಯಡ್ಡು.
ಬಿಸಿಯೂಟದ ಸಾರಿನ ವಾಸನೆ ಇನ್ನೂ ಬೆರಳುಗಳಲ್ಲಿ.
ಹೊಸನಗರದ ಹೈಸ್ಕೂಲಿನ ಹಲಗೆಯ ಮೇಲೆ
ನಾನೊಂದು ಸಮುದ್ರ ಬರೆಯುತ್ತೇನೆ,
ಅದಕ್ಕೆ ಮೂರು ದಡ, ಮೂರು ಬಾಣ.
ಒಂದರ ಮೇಲೆ ಬಟ್ಟೆ, ಬಂದೂಕು.
ಒಂದರ ಮೇಲೆ ಸಕ್ಕರೆ.
ನಡುವಿನದರ ಮೇಲೆ: ಮನುಷ್ಯರು.
ಒತ್ತಕ್ಷರ ತಪ್ಪಬೇಡಿ, ಎನ್ನುತ್ತೇನೆ.

ಹಡಗಿನ ಚಿತ್ರ ಬೆಂಚಿನಿಂದ ಬೆಂಚಿಗೆ ಹೋಯಿತು.
ತಳದಲ್ಲಿ ಮಲಗಿಸಿದವರನ್ನು ಎಣಿಸಲು ಹೊರಟ ಲತೀಫ
ನೂರಾ ಹನ್ನೆರಡಕ್ಕೆ ಕೈಬಿಟ್ಟ:
"ಲೆಕ್ಕ ತಪ್ಪುತ್ತೆ ಮೇಡಂ,
ಒಬ್ಬರ ಕಾಲು ಎಲ್ಲಿ ಮುಗೀತು ಗೊತ್ತಾಗಲ್ಲ."

ಆಮೇಲೆ ಹೇಳಿದೆ,
ಅವರಿಗೆ ಕೊಟ್ಟ ಬೆಲೆಯಲ್ಲಿ ಕವಡೆಯೂ ಇತ್ತು.
ಮಾಲ್ಡೀವ್ಸಿನ ನೀರಲ್ಲಿ ಹೆಕ್ಕಿದ್ದು,
ಹಡಗು ಹೊಯ್ದಾಡದಿರಲೆಂದು ತಳಕ್ಕೆ ಸುರಿದ ಭಾರವಾಗಿ
ನಮ್ಮ ಕಡಲನ್ನೇ ದಾಟಿ ಯೂರೋಪು ಮುಟ್ಟಿ,
ಅಲ್ಲಿಂದ ಪೀಪಾಯಿಗಟ್ಟಲೆ ಆಫ್ರಿಕದ ದಡಕ್ಕೆ.

ಶಾಲ್ಮಲಾ ಕೈಯೆತ್ತಿದಳು. ಮುಂದಿನ ಬೆಂಚು, ಎರಡು ಜಡೆ.
"ಒಬ್ಬ ಮನುಷ್ಯನಿಗೆ ಎಷ್ಟು ಕವಡೆ?"
ಪುಸ್ತಕದಲ್ಲಿಲ್ಲ, ಎಂದೆ.
ಪರೀಕ್ಷೆಗೆ ಬರೋದಿಲ್ಲ, ಅಂತ ಬೇರೆ ಹೇಳಿದೆ.
ಯಾಕೆ ಹೇಳಿದೆನೋ.

ಅವಳ ಮುತ್ತಜ್ಜನ ಮನೆಗೇ
ನನ್ನ ಮುತ್ತಜ್ಜಿ ಹೂವಿ ಹುಟ್ಟಾಳು.
ಎಷ್ಟು ಅಚ್ಚುಕಟ್ಟಾದ ಪದ!
ಬಿಡಿಸಿ ಬರೆದರೆ ಒಂದು ಹುಟ್ಟು, ಒಂದು ಆಳು.
ಲೋಪಸಂಧಿ.
ಲೋಪವಾದದ್ದು ಒಂದು ಉಕಾರ ಮಾತ್ರ
ಎನ್ನುತ್ತದೆ ವ್ಯಾಕರಣ.

ಹೂವಿಯ ಅಪ್ಪ ಬೂದ್ಯ ಮದುವೆಗೆ ತಂದ ಸಾಲ
ಎರಡು ಖಂಡುಗ ಭತ್ತ, ಒಂದು ಸೀರೆ, ಹನ್ನೆರಡು ರೂಪಾಯಿ.
ಮದುವೆ ಒಂದು ದಿನದ್ದು, ತೀರುವಳಿ ಮೂರು ತಲೆಮಾರಿನದು.
ಕೊನೆಯ ಕಂತು ಅಜ್ಜಿಯ ಬೆನ್ನಲ್ಲಿದೆ, ನೇರ ನಿಲ್ಲಲಾರದು.
ನಮಗೆ ಹಡಗಿರಲಿಲ್ಲ, ಸರಪಳಿಯಿರಲಿಲ್ಲ,
ಕಾಗದ ಕೂಡ ಇರಲಿಲ್ಲ. ಮಾತು ಇತ್ತು. ಸಾಕಾಗಿತ್ತು.
ಎರಡೂ ಒಂದೇ ಅನ್ನುತ್ತಿಲ್ಲ ನಾನು.
ಆ ನೀರಿನ ಲೆಕ್ಕ ಆ ನೀರಿನವರದು.
ಕಡಲು ನಾನು ಕಂಡದ್ದೇ ಒಮ್ಮೆ,
ಬಿ.ಎಡ್. ಪ್ರವಾಸದಲ್ಲಿ, ಚಪ್ಪಲಿ ಕೈಯಲ್ಲಿ ಹಿಡಿದು.

ಶಾಲ್ಮಲಾಗೆ ಇಪ್ಪತ್ತಕ್ಕೆ ಹತ್ತೊಂಬತ್ತು.
ಕಡಿಮೆ ಕೊಟ್ಟಿಲ್ಲ ಯಾವತ್ತೂ.
ಎರಡು ಸಲ ಕೂಡಿ ನೋಡುತ್ತೇನೆ, ಅವಳದು ಮಾತ್ರ.

ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟ್ರು
ಹೊಸ ಸುತ್ತೋಲೆಯನ್ನು ಮೇಜಿಗೆ ಬಿಸಾಕಿ,
"ಕವಡೆ ಕಾಸಿನ ಕಿಮ್ಮತ್ತಿಲ್ಲ ಇದಕ್ಕೆ" ಎಂದಾಗ
ಯಾರೋ ನನ್ನ ಹೆಸರು ಕರೆದಂತಾಗಿ
ತಲೆಯೆತ್ತಿದೆ.

ಸಂಜೆ ಅಜ್ಜಿಯ ಜೊತೆ ಚೌಕಾಬಾರ.
ಸಿಮೆಂಟಿನ ಮೇಲೆ ಸೀಮೆಸುಣ್ಣದ ಮನೆಗಳು
(ಶಾಲೆಯ ಸೀಮೆಸುಣ್ಣ. ಕದ್ದದ್ದು ಅನ್ನಿ).
ಮೂರು ಕವಡೆ, ನಾಲ್ಕನೆಯದರ ಜಾಗಕ್ಕೆ
ಕಲ್ಲಿಗೆ ತೇದ ಹುಣಸೆಬೀಜ.
ಬುದ್ಧಿ ಬಂದಾಗಿನಿಂದ ನೋಡುತ್ತಿದ್ದೇನೆ.
ಇವತ್ತು ಕೇಳಿದೆ, ನಾಲ್ಕನೇದು ಎಲ್ಲೆ?

"ನಮ್ಮವ್ವ ಸತ್ತಾಗ ಹಣೆಗಿಡಕ್ಕೆ ಕಾಸಿರಲಿಲ್ಲ.
ಒಡೇರ ಮನೇಲಿ ಕೇಳಿದ್ರೆ ಅದನ್ನೂ ಲೆಕ್ಕಕ್ಕೆ ಹಿಡೀತಾರೆ
ಅಂದ ನಮ್ಮಪ್ಪ.
ಕವಡೆ ಇಟ್ವಿ.
ನಿಲ್ಲಲಿಲ್ಲ ಕಣೆ ಅದು, ಬೆನ್ನು ಉಬ್ಬಲ್ವ, ಜಾರ್ತಿತ್ತು.
ಬಾಯಿ ಕೆಳಗೆ ಮಾಡಿ ಒತ್ತಿದೆ. ಆಗ ಕೂತ್ಕಂತು."

ಮೂರನ್ನೂ ಅಂಗೈಯಲ್ಲಿ ಹಿಡಿದೆ.
ಹಲ್ಲು ಕಚ್ಚಿದ ಸಣ್ಣ ಬಾಯಿಗಳು.
ನಾಳೆ ಎರಡನೇ ಪೀರಿಯಡ್ಡು ಅವಳದೇ ತರಗತಿ.
ಉತ್ತರ ಸಿಕ್ಕಿದೆ ಶಾಲ್ಮಲಾ,
ಒಂದು,
ಅದೂ ಜಾರುತ್ತಿತ್ತಂತೆ,
ಎಂದು ಹೇಳಲೋ, ಮುಂದಿನ ಪಾಠ ತೆಗೆಯಲೋ
ಎಂದು ನಾನು ತೂಗುತ್ತಿದ್ದರೆ

ಅಜ್ಜಿ ನನ್ನ ಕೈಯಿಂದ ಕವಡೆ ಕಿತ್ತು
ಎಸೆದು, ಎಂಟು ಬೀಳಿಸಿ,
ಹಣ್ಣಾಗಲು ಒಂದೇ ಮನೆ ಬಾಕಿಯಿದ್ದ
ನನ್ನ ಕಾಯಿ ಹೊಡೆದಳು.